ಥಾರ್ನ್‌ಬರಿಯಲ್ಲಿ ಅರ್ಧಕ್ಕೆ ನಿಂತ ಗೋಡೆ

ಇಂಗ್ಲೆಂಡ್ ಪ್ರವಾಸದಲ್ಲಿ ಬಾತ್, ವೆಲ್ಸ್, ಬ್ರಿಸ್ಟಲ್ ಬಂದರು ಎಲ್ಲವೂ ಚೆನ್ನಾಗಿದ್ದವು. ಬರೆಯಬೇಕು ಅನ್ನಿಸಿದ್ದು ಮಾತ್ರ ಥಾರ್ನ್‌ಬರಿ ಬಗ್ಗೆ. ಬ್ರಿಸ್ಟಲ್‌ನ ಉತ್ತರಕ್ಕಿರುವ ಸಣ್ಣ ಊರು ಅದು. ಸೇಂಟ್ ಮೇರಿ ಚರ್ಚಿನ ಪಕ್ಕದಲ್ಲೇ ಕೋಟೆ. ಈಗ ಅದರೊಳಗೆ ಹೋಟೆಲ್ ಇದೆ.

ಹೊರಗೋಡೆಯ ಮುಂದೆ ತುಂಬಾ ಹೊತ್ತು ನಿಂತೆ. ಒಂದು ಮೂಲೆಯ ಗೋಪುರ ಪೂರ್ತಿ ಎದ್ದಿದೆ. ಉಳಿದದ್ದು ಅರ್ಧಕ್ಕೇ ನಿಂತಿದೆ. ಕಟ್ಟಿಸಿದವನು ಬಕಿಂಗ್‌ಹ್ಯಾಮ್ ಡ್ಯೂಕ್ ಎಡ್ವರ್ಡ್ ಸ್ಟಾಫರ್ಡ್. ಹೆಬ್ಬಾಗಿಲ ಮೇಲೆ ತನ್ನ ಹೆಸರು, 1511ನೇ ಇಸವಿ ಎರಡನ್ನೂ ಕೆತ್ತಿಸಿದ್ದಾನೆ. 1521ರಲ್ಲಿ ರಾಜದ್ರೋಹದ ಆರೋಪದಲ್ಲಿ ಅವನ ತಲೆ ಹೋಯಿತು, ಕೆಲಸ ಅಲ್ಲಿಗೇ ನಿಂತಿತು.

ಚರ್ಚಿನ ಅಂಗಳದಲ್ಲಿ ಹುಲ್ಲು ಕತ್ತರಿಸುತ್ತಿದ್ದ ಹಿರಿಯರೊಬ್ಬರು ನಾನು ನೋಡುತ್ತಿದ್ದುದನ್ನು ಕಂಡು ಹತ್ತಿರ ಬಂದರು. "ಈ ಕಡೆ ಗೋಡೆಯಲ್ಲಿ ಗುಂಡು ಹಾರಿಸುವ ಕಿಂಡಿಗಳಿವೆ, ನೋಡಿದಿರಾ? ಒಳಗೆ ತೋಟದ ಕಡೆಗೆ ಹೋದರೆ ದೊಡ್ಡ ದೊಡ್ಡ ಗಾಜಿನ ಕಿಟಕಿಗಳು" ಅಂದರು.

"ಹಾಗಾದರೆ ಇದು ಕೋಟೆಯೋ, ಅರಮನೆಯೋ?"

"ರಾಜನಿಗೂ ಅದೇ ಅನುಮಾನ ಇದ್ದಿರಬೇಕು."

ಸಂಜೆಯವರೆಗೂ ನಾವು ಇದನ್ನೇ ಮಾತಾಡಿದೆವು. ಡ್ಯೂಕ್‌ನ ತಲೆ ತೆಗೆಸಿದ ರಾಜ 8ನೇ ಹೆನ್ರಿ. ಅವನ ಅಪ್ಪ 7ನೇ ಹೆನ್ರಿ ಲಾರ್ಡ್‌ಗಳನ್ನು, ಅಂದರೆ ದೊಡ್ಡ ಸರದಾರರನ್ನು, ಹಿಡಿದಿಟ್ಟದ್ದು ಮುಚ್ಚಳಿಕೆಯಿಂದ. ನಿಷ್ಠೆ ತಪ್ಪಿದರೆ ಇಷ್ಟು ಸಾವಿರ ಪೌಂಡ್ ಕಟ್ಟುತ್ತೇನೆ ಅಂತ ಬರೆಸಿಕೊಳ್ಳುತ್ತಿದ್ದ. 1507ರಲ್ಲಿ ಲಾರ್ಡ್ ಬರ್ಗವೆನ್ನಿ ಕಾನೂನು ಮೀರಿ 471 ಜನರನ್ನು ತನ್ನ ಪಡೆಯಲ್ಲಿ ಇಟ್ಟುಕೊಂಡಿದ್ದ ಅಂತ ತೀರ್ಪಾಯಿತು. ತಲೆಗೆ ತಿಂಗಳಿಗೆ 5 ಪೌಂಡ್, 30 ತಿಂಗಳು. ಒಟ್ಟು 70,650 ಪೌಂಡ್ ದಂಡ! ಯಾರಿಂದಲೂ ಕಟ್ಟಲಾಗದ ಮೊತ್ತ ಅಲ್ವಾ? ಕೊನೆಗೆ 5,000 ಪೌಂಡನ್ನು ಕಂತಿನಲ್ಲಿ ಕಟ್ಟು ಅಂದರು. ಉಳಿದ ಸಾಲ ಮಾತ್ರ ಕುತ್ತಿಗೆಗೆ ಉರುಳಿನ ಹಾಗೆ ಹಾಗೇ ಇತ್ತು. ಮುಂದೆ ಬಕಿಂಗ್‌ಹ್ಯಾಮ್‌ನ ಅಳಿಯನಾದವನೂ ಇವನೇ.

ಮಗ 8ನೇ ಹೆನ್ರಿಯ ದಾರಿ ಬೇರೆ. ಅವನಿಗೆ ಸಿಂಹಾಸನಕ್ಕೆ ಬರಬಲ್ಲ ಗಂಡುಮಗು ಇರಲಿಲ್ಲ. ಬಕಿಂಗ್‌ಹ್ಯಾಮ್ 3ನೇ ಎಡ್ವರ್ಡ್‌ನ ವಂಶದವನು, ಭಾರಿ ಶ್ರೀಮಂತ. ಅವನ ಮೇಲೆ ಕಣ್ಣಿಡು ಅಂತ ಹೆನ್ರಿ ಕೈಯಾರೆ ತನ್ನ ಮುಖ್ಯ ಮಂತ್ರಿ ವುಲ್ಸಿಗೆ ಪತ್ರ ಬರೆದ. ವೇಲ್ಸ್‌ನ ತನ್ನ ಜಮೀನಿಗೆ ಆಯುಧ ಹಿಡಿದ ಜನರ ಜೊತೆ ಹೋಗಲು ಡ್ಯೂಕ್ ಅನುಮತಿ ಕೇಳಿದ್ದು ಅನುಮಾನವನ್ನು ಇನ್ನೂ ಜಾಸ್ತಿ ಮಾಡಿತು. 1521ರ ಏಪ್ರಿಲ್‌ನಲ್ಲಿ ಲಂಡನ್ನಿಗೆ ಕರೆ ಬಂತು. ಅವನು ಹೊರಟ. ದಂಗೆಯಿಲ್ಲ, ಮುತ್ತಿಗೆಯಿಲ್ಲ. ಗುಂಡಿನ ಕಿಂಡಿಗಳು ಸುಮ್ನೆ ಉಳಿದವು.

"ಸಾಕ್ಷಿ ಹೇಳಿದವರು ಯಾರು ಗೊತ್ತಾ?" ಹಿರಿಯರು ಕತ್ತರಿ ಕೆಳಗಿಟ್ಟು ಕೇಳಿದರು. "ಅವನ ಪಾದ್ರಿ, ಅವನ ಚಾನ್ಸಲರ್, ಅವನು ಕೆಲಸದಿಂದ ತೆಗೆದ ಸರ್ವೇಯರ್. ಎಲ್ಲ ಮನೆಯವರೇ."

ತೀರ್ಪು ಕೊಟ್ಟವರೂ ಬೇರೆಯವರಲ್ಲ, ಅವನ ಸರಿಸಮಾನರಾದ ಲಾರ್ಡ್‌ಗಳು. ವಿಚಾರಣೆಯ ಅಧ್ಯಕ್ಷನಾಗಿ ಕೂತಿದ್ದವನು ಬೀಗನಾದ ನಾರ್ಫೋಕ್ ಡ್ಯೂಕ್. ಶಿಕ್ಷೆ ಓದುವಾಗ ಅತ್ತನಂತೆ. ನನಗೆ ನಿಜಕ್ಕೂ ಕಸಿವಿಸಿಯಾದದ್ದು ಇಲ್ಲೇ. ಒಬ್ಬನನ್ನು ಕೊಲ್ಲಲು ಉಳಿದವರ ಕೈಯನ್ನೇ ಬಳಸಿದರೆ, ಆಮೇಲೆ ದೂರುವವರು ಯಾರು? ಅಳಿಯ ಬರ್ಗವೆನ್ನಿಯನ್ನೂ ಲಂಡನ್ ಟವರ್ ಸೆರೆಗೆ ಹಾಕಿದರು, ಗೊತ್ತಿದ್ದೂ ಹೇಳಲಿಲ್ಲ ಅನ್ನುವ ಆರೋಪದ ಮೇಲೆ.

ನೀವು ಹೋಗುವುದಾದರೆ ಬೆಳಿಗ್ಗೆಯೇ ಹೋಗಿ. ಸಂಜೆ ವೇಳಾಪಟ್ಟಿಯಲ್ಲಿದ್ದ ಬಸ್ ಬರಲೇ ಇಲ್ಲ. ಮಳೆಯಲ್ಲಿ ನಿಂತು ನಿಂತು ಕೊನೆಗೆ ಟ್ಯಾಕ್ಸಿಗೆ ಸುರಿದ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಡ್ಯೂಕ್ ಸತ್ತ ಮೇಲೆ ಕೋಟೆ ರಾಜನ ಪಾಲಾಯಿತು. 1535ರಲ್ಲಿ ಹೆನ್ರಿ ರಾಣಿ ಆನ್ ಬೊಲಿನ್ ಜೊತೆ ಇಲ್ಲಿಗೇ ಬಂದು ತಂಗಿದ್ದ. ಆ ಚಂದದ ಕಿಟಕಿಗಳ ಹಿಂದೆ ಅವನಿಗೆ ನಿದ್ದೆ ಹೇಗೆ ಬಂತು ಅಂತ ಕೇಳಿದೆ. "ಚೆನ್ನಾಗೇ ಬಂದಿರುತ್ತೆ, ಅವನು ಅಂಥವನೇ" ಅಂದರು ಹಿರಿಯರು.