ಸೈಲೆನ್ಸರ್ ಸದ್ದು

ಇವತ್ತು ಸಿಗ್ನಲ್‌ನಲ್ಲಿ ಪಕ್ಕದ ಬುಲೆಟ್ ಬೈಕಿನ ಸೈಲೆನ್ಸರ್ ಢಂ ಎಂದಿತು. ಎದೆ ಧಸಕ್ಕೆಂದಿತು.

ತಕ್ಷಣ ನೆನಪಾದದ್ದು ಅಮೆರಿಕದ ಐಡಾಹೊ. 1998ರ ಜುಲೈ. ಒಬ್ಬ ತಾಯಿ, ಅವಳ ಮಗ. ಅವರ ಹಳೆಯ ಕಾರು ಹೀಗೆಯೇ ಢಂ ಎಂದಿತು, ‘ಆರ್ಯನ್ ನೇಷನ್ಸ್’ ಎಂಬ ನವನಾಜಿಗಳ ಬಿಡಾರದ ಮುಂದೆ. ಕಾವಲಿನವರು ಗುಂಡಿನ ಸದ್ದೆಂದುಕೊಂಡು ಬೆನ್ನಟ್ಟಿದರು. ಗುಂಡು ಹಾರಿಸಿದರು, ಟಯರ್ ಸಿಡಿಯಿತು, ಕಾರು ಚರಂಡಿಗಿಳಿಯಿತು.

ಎರಡು ದಶಕಕ್ಕೂ ಹೆಚ್ಚು ಕಾಲ ಮೆರೆದ ಗುಂಪು. ಹಿಟ್ಲರನ ಪಟ, ಸ್ವಸ್ತಿಕದ ತೋಳುಪಟ್ಟಿ, ಉರಿಯುವ ಶಿಲುಬೆ. ಕೊಲೆ, ದರೋಡೆ ಮಾಡಿದವರೂ ಅಲ್ಲಿಂದಲೇ ಹೊರಟಿದ್ದರು. ಅದರ ನಾಯಕ ರಿಚರ್ಡ್ ಬಟ್ಲರ್ ಮೊದಲು ವಿಮಾನ ಕಂಪನಿಯ ಎಂಜಿನಿಯರ್. ಓದಿದವನೇ, ಏನು ಹೇಳುವುದು!

ತಾಯಿ, ಮಗ ದಾವೆ ಹೂಡಿದರು. 2000ದಲ್ಲಿ ಜ್ಯೂರಿ 63 ಲಕ್ಷ ಡಾಲರ್ ಪರಿಹಾರ ಎಂದಿತು. ಬಟ್ಲರ್ ದಿವಾಳಿ. ಇಪ್ಪತ್ತು ಎಕರೆ ಬಿಡಾರ ಅದೇ ತಾಯಿ, ಮಗನ ಕೈಗೆ ಬಂತು. ಅವರು ಮಾರಿದರು. ಕೊಂಡವರು ಕಟ್ಟಡಗಳನ್ನು ನೆಲಸಮ ಮಾಡಿದರು.

ಅಷ್ಟಾದರೂ ಮುದುಕ ಸುಮ್ಮನಿರಲಿಲ್ಲ. 2003ರಲ್ಲಿ ಹೇಡನ್ ಊರಿನ ಮೇಯರ್ ಚುನಾವಣೆಗೆ ನಿಂತ. ಊರಿನವರು ಹೀನಾಯವಾಗಿ ಸೋಲಿಸಿದರು.