ಒಂಬತ್ತು ದಿನ ಮಾಂಸವಿಲ್ಲ, ಜೊತೆಗೆ ಗೋಧಿಯೂ ಇಲ್ಲ, ಹಾಲೂ ಇಲ್ಲ

ಊರಿಗೆ ಫೋನ್ ಮಾಡಿದಾಗಲೆಲ್ಲ ಅಮ್ಮ ಕೇಳುವುದು ಒಂದೇ. ಒಂಬತ್ತು ದಿನ ಮಾಂಸ ತಿನ್ನದಿದ್ದರೆ ಏನಾಗುತ್ತೆ, ಬೇಳೆ ಇಲ್ವಾ, ಮೊಸರು ಇಲ್ವಾ, ಚಪಾತಿ ಇಲ್ವಾ? ಬೇಳೆ ಇದೆ. ಆದರೆ ನಾನು ನೋಡಿಕೊಳ್ಳುವ ಯಹೂದಿ ಅಜ್ಜಿ ಶೋಕದ ಆ ಒಂಬತ್ತು ದಿನ ಮಾಂಸ ಬಿಡುತ್ತಾರೆ, ಮೊಸರು, ಚಪಾತಿ ಎರಡೂ ಅವರಿಗೆ ಆಗುವುದಿಲ್ಲ. ಕಷ್ಟ ಇರುವುದೇ ಅಲ್ಲಿ.

ನಾನು ಮಂಗಳೂರು ಕಡೆಯವಳು. ಇಸ್ರೇಲಿನ ಪೆತಾ ತಿಕ್ವಾದಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಮಾಡುತ್ತೇನೆ. ನಮ್ಮ ಕಡೆಯವರು, ಕೇರಳದವರು ಈ ಕೆಲಸದಲ್ಲಿ ಇಲ್ಲಿ ತುಂಬ ಜನ ಇದ್ದಾರೆ. ಅಜ್ಜಿಯನ್ನು ಮನೆಯವರ ಹಾಗೆ ನಾನೂ ಸಾವ್ತಾ (ಹೀಬ್ರೂ ಭಾಷೆಯಲ್ಲಿ ಅಜ್ಜಿ) ಅಂತಲೇ ಕರೆಯುತ್ತೇನೆ. ಎಂಬತ್ತು ದಾಟಿದೆ. ಸೀಲಿಯಾಕ್ ಕಾಯಿಲೆ ಇದೆ. ಗೋಧಿ, ಬಾರ್ಲಿ, ರೈ ಇವುಗಳಲ್ಲಿರುವ ಗ್ಲುಟೆನ್ ಒಂದು ಚೂರು ಹೊಟ್ಟೆಗೆ ಹೋದರೂ ಕರುಳಿನ ಒಳಪದರ ಹಾಳಾಗುತ್ತದೆ. ಅದರ ಮೇಲೆ ಹಾಲೂ ಅರಗುವುದಿಲ್ಲ. ಇದೇನು ಅಪರೂಪದ ತೊಂದರೆ ಅಲ್ಲ. ಜಗತ್ತಿನ ದೊಡ್ಡವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನರಿಗೆ ಹಾಲಿನ ಲ್ಯಾಕ್ಟೋಸ್ ಸರಿಯಾಗಿ ಜೀರ್ಣವಾಗುವುದಿಲ್ಲ. ಉಳಿದ ದಿನಗಳಲ್ಲಿ ಸಾವ್ತಾಗೆ ಕೋಳಿ ಸೂಪ್, ಬೇಯಿಸಿದ ಕೋಳಿ, ಅನ್ನ, ಆಲೂಗಡ್ಡೆ ಇದರಲ್ಲೇ ನಡೆದುಹೋಗುತ್ತದೆ. ಆವ್ ತಿಂಗಳು ಹುಟ್ಟಿದ ಕೂಡಲೇ ಆ ಕೋಳಿಯೂ ನಿಲ್ಲುತ್ತದೆ.

ಆವ್ ಅನ್ನುವುದು ಯಹೂದಿ ಪಂಚಾಂಗದ ತಿಂಗಳು, ನಮ್ಮ ಜುಲೈ-ಆಗಸ್ಟ್ ಹೊತ್ತಿಗೆ ಬರುತ್ತದೆ. ಅದರ ಒಂಬತ್ತನೇ ದಿನ ದೊಡ್ಡ ಶೋಕದ ದಿನ. ಜೆರುಸಲೇಮಿನ ಮೊದಲ ದೇವಾಲಯವನ್ನು ಬಾಬಿಲೋನಿನವರು ಕ್ರಿ.ಪೂ. 586ರಲ್ಲಿ ಕೆಡವಿದರು, ಎರಡನೆಯದನ್ನು ರೋಮನ್ನರು ಕ್ರಿ.ಶ. 70ರಲ್ಲಿ ಸುಟ್ಟರು. ಎರಡಕ್ಕೂ ಸೇರಿಸಿ ಆ ದಿನ ಉಪವಾಸ. ಅದಕ್ಕೆ ಮೂರು ವಾರ ಮೊದಲು, ತಮ್ಮುಜ್ ತಿಂಗಳ 17ಕ್ಕೆ, ಶೋಕ ನಿಧಾನವಾಗಿ ಶುರುವಾಗುತ್ತದೆ. ಆಗ ಸಾವ್ತಾ ಮನೆಯಂಥ ಮನೆಗಳಲ್ಲಿ ಮದುವೆ ಇಲ್ಲ, ಹಾಡು-ವಾದ್ಯ ಇಲ್ಲ, ಕೂದಲು ಕತ್ತರಿಸುವುದಿಲ್ಲ. ಆವ್ ಬಂದ ಮೇಲೆ ಮಾಂಸ, ವೈನ್ ಎರಡೂ ಬಿಡುತ್ತಾರೆ. ಮಾಂಸ ಅಂದರೆ ಕೋಳಿಯೂ ಸೇರಿತು. ನಮ್ಮಲ್ಲಿ ಸಾವಾದ ಮನೆಯಲ್ಲಿ ಸೂತಕ ಕಳೆಯುವ ತನಕ ಒಗ್ಗರಣೆ ಹಾಕದೆ ಅಡುಗೆ ಮಾಡುತ್ತಾರಲ್ಲ, ಆ ಮನಸ್ಸೇ ಇಲ್ಲಿಯೂ ಇರುವುದು. ಸಾವಿರಾರು ವರ್ಷದ ಹಿಂದಿನ ಸಾವಾದರೂ ಮನೆಯಲ್ಲಿ ಈಗಷ್ಟೇ ಆದ ಹಾಗೆ ನಡೆದುಕೊಳ್ಳುತ್ತಾರೆ, ಅದನ್ನು ಹತ್ತಿರದಿಂದ ನೋಡಿದ ಮೇಲೆ ನನಗೆ ಈ ಜನರ ಮೇಲೆ ಗೌರವ ಜಾಸ್ತಿಯಾಯಿತು.

ಎಲ್ಲರ ಮನೆಯಲ್ಲೂ ಒಂದೇ ಪದ್ಧತಿ ಅಂತ ಅಂದುಕೊಳ್ಳಬೇಡಿ. ಸಾವ್ತಾ ಮನೆಯವರು ಪೋಲೆಂಡ್ ಮೂಲದ ಅಶ್ಕೆನಾಜಿಗಳು (ಮಧ್ಯ, ಪೂರ್ವ ಯುರೋಪ್ ಕಡೆಯ ಯಹೂದಿಗಳು), ಅವರಿಗೆ ತಿಂಗಳ ಒಂದನೇ ದಿನದಿಂದಲೇ ಮಾಂಸ ಬಂದ್. ಎದುರು ಮನೆಯವರು ಸೆಫಾರ್ದಿಗಳು (ಸ್ಪೇನ್, ಉತ್ತರ ಆಫ್ರಿಕಾ ಕಡೆಯ ಮೂಲದವರು), ಉಪವಾಸ ಬೀಳುವ ಆ ಒಂದು ವಾರ ಮಾತ್ರ ಬಿಡುತ್ತಾರೆ. ಸೆಫಾರ್ದಿಗಳಲ್ಲೇ ಎರಡನೇ ದಿನದಿಂದ ಬಿಡುವವರೂ ತುಂಬ ಇದ್ದಾರೆ. ಯೆಮೆನ್ ಕಡೆಯ ಹಳೆಯ ಪದ್ಧತಿಯಲ್ಲಂತೂ ಉಪವಾಸಕ್ಕೆ ಮುಂಚಿನ ಕೊನೆಯ ಊಟದಲ್ಲಿ ಮಾತ್ರ ಮಾಂಸ ಇಲ್ಲ. ಹಾಗಾಗಿ ಹೊಸದಾಗಿ ಕೆಲಸಕ್ಕೆ ಬಂದವರು ಪಕ್ಕದ ಮನೆಯ ಗೆಳತಿಯನ್ನು ಕೇಳಿ ಅಡುಗೆ ಮಾಡಬೇಡಿ, ನೀವಿರುವ ಮನೆಯವರನ್ನೇ ಕೇಳಿ.

ಈ ದಿನಗಳಲ್ಲಿ ಇಸ್ರೇಲಿನ ಅಡುಗೆಮನೆ ಹೇಗಿರುತ್ತದೆ ಗೊತ್ತಾ? ಮಾಂಸ ಹೋದ ಜಾಗಕ್ಕೆ ಹಾಲು ಮತ್ತು ಗೋಧಿ ಬಂದು ಕೂರುತ್ತವೆ. ಪಿಜ್ಜಾ, ಪಾಸ್ತಾ, ಚೀಸ್ ತುಂಬಿದ ಬುರೆಕಾಸ್, ಬ್ರೆಡ್ಡಿನ ಮೇಲೆ ಕಾಟೇಜ್. ಈ ಕಾಟೇಜ್ ಚೀಸ್ ಇಲ್ಲಿನವರಿಗೆ ಎಷ್ಟು ಮುಖ್ಯ ಅಂದರೆ 2011ರಲ್ಲಿ ಅದರ ಬೆಲೆ ಏರಿತು ಅಂತ ದೇಶದ ತುಂಬ ಜನ ಅದನ್ನು ಕೊಳ್ಳುವುದನ್ನೇ ಬಿಟ್ಟು ಪ್ರತಿಭಟನೆ ಮಾಡಿದ್ದರು. ಮೊಮ್ಮಕ್ಕಳು ಬಂದಾಗ ಮೇಜಿನ ತುಂಬ ಇವೇ. ಸಾವ್ತಾ ತಟ್ಟೆಯಲ್ಲಿ ಮಾತ್ರ ಸೌತೆಕಾಯಿ, ಟೊಮೆಟೊ. ಅದು ನನಗೆ ಸರಿ ಕಾಣುವುದಿಲ್ಲ. ಆ ವಯಸ್ಸಿನವರು ದಿನಗಟ್ಟಲೆ ಸಲಾಡ್ ತಿಂದು ಕೂತರೆ ಮೈಯಲ್ಲಿ ಇರುವ ಚೂರು ಶಕ್ತಿಯೂ ಕರಗಿಹೋಗುತ್ತದೆ. ವಯಸ್ಸಾದವರಿಗೆ ಪ್ರೋಟೀನ್ ಕಮ್ಮಿ ಸಾಕು ಅಂತ ನಮ್ಮ ಕಡೆ ಸುಮಾರು ಜನ ನಂಬಿದ್ದಾರೆ. ನಿಜ ಹಾಗಲ್ಲ. ದೇಹದ ತೂಕದ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಆದರೂ ಬೇಕು ಅನ್ನುತ್ತಾರೆ. ಅಂದರೆ 50 ಕಿಲೋ ಇರುವವರಿಗೆ 50ರಿಂದ 60 ಗ್ರಾಂ. (ಮೂತ್ರಪಿಂಡದ ತೊಂದರೆ ಇರುವವರ ಲೆಕ್ಕ ಬೇರೆ, ಅದನ್ನು ಡಾಕ್ಟರೇ ಹೇಳಬೇಕು.)

ಕಾಯಿಲೆಯವರಿಗೆ ಧರ್ಮದಲ್ಲೇ ವಿನಾಯಿತಿ ಇದೆ. ಮಾಂಸ ಬಿಡುವುದರಿಂದ ಆರೋಗ್ಯ ಕೆಡುತ್ತದೆ ಅಂದರೆ ತಿನ್ನಬಹುದು, ಹಾಗೆ ತಿನ್ನುವುದಾದರೂ ದನ-ಕುರಿಗಿಂತ ಕೋಳಿ ವಾಸಿ ಅಂತ ಹೇಳುತ್ತಾರೆ. ಸಾವ್ತಾ ಮಗಳು ರಬ್ಬಿಯನ್ನು (ಅವರ ಧರ್ಮಗುರು) ಕೇಳಿಕೊಂಡೇ ಬಂದಿದ್ದರು, ಅವರು ಒಪ್ಪಿಯೂ ಇದ್ದರು. ಸಾವ್ತಾ ಒಪ್ಪಲಿಲ್ಲ. "ನನಗೆ ಕೋಳಿ ಬೇಡ. ಅಡುಗೆ ಮಾಡೋಕೆ ನೀನಿದ್ದೀಯಲ್ಲ" ಅಂದರು ನನಗೆ. ಮಗಳು ನನ್ನ ಮುಖ ನೋಡಿದರು, ನಾನು ಆಗಲಿ ಅಂದೆ.

ನನಗೆ ಅವರ ಮಾತು ಪೂರ್ತಿ ಅರ್ಥವಾಗುತ್ತದೆ. ನಡೆಯುವುದಕ್ಕೆ ವಾಕರ್ ಬೇಕು, ಸ್ನಾನಕ್ಕೆ ನಾನು ಬೇಕು, ಮಾತ್ರೆ ಕೂಡ ನಾನು ಎಣಿಸಿ ಕೊಡಬೇಕು. ಚಿಕ್ಕಂದಿನಿಂದ ಬಿಡದೆ ನಡೆಸಿಕೊಂಡು ಬಂದಿದ್ದು ಇದೊಂದು ಉಳಿದಿದೆ. ವಿನಾಯಿತಿ ಇದೆ ತಿನ್ನಿ ತಿನ್ನಿ ಅಂತ ಸುಮ್ನೆ ಒತ್ತಾಯ ಮಾಡಿದರೆ ಅದನ್ನೂ ಕಿತ್ತುಕೊಂಡ ಹಾಗಾಗುತ್ತದೆ. ಆದರೆ ಒಂದು ಮಾತು ಮೊದಲೇ ಎಲ್ಲರೂ ಕೂತು ಗಟ್ಟಿ ಮಾಡಿಕೊಂಡೆವು. ತೂಕ ಇಳಿದರೆ, ತಲೆ ಸುತ್ತಿದರೆ, ಡಾಕ್ಟರ್ ಹೇಳಿದರೆ, ಆವತ್ತೇ ಕೋಳಿ ಸೂಪ್. ಇದಕ್ಕೆ ಸಾವ್ತಾನೂ ತಲೆಯಾಡಿಸಿದ್ದಾರೆ. ಈ ಮಾತುಕತೆ ತಿಂಗಳು ಶುರುವಾಗುವ ಮುಂಚೆ ಆಗಬೇಕು. ಸುಸ್ತಾಗಿ ಮಲಗಿದ ಮೇಲೆ ವಾದ ಮಾಡುತ್ತಾ ಕೂರುವುದಕ್ಕೆ ಆಗುವುದಿಲ್ಲ.

ಇನ್ನು ಅಡುಗೆ. ಕೋಷರ್ ಮನೆಯಲ್ಲಿ, ಅಂದರೆ ಯಹೂದಿ ಆಹಾರ ನಿಯಮ ಪಾಲಿಸುವ ಮನೆಯಲ್ಲಿ, ಮಾಂಸದ ಪಾತ್ರೆ ಬೇರೆ, ಹಾಲಿನ ಪಾತ್ರೆ ಬೇರೆ, ಎರಡೂ ಅಲ್ಲದ ಪಾರ್ವೆ ಪಾತ್ರೆ ಬೇರೆ. ನಾನು ಮಾಂಸದ ಪಾತ್ರೆಗಳನ್ನು ಶಬ್ಬತ್ತಿಗೆ (ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿ ತನಕದ ವಿಶ್ರಾಂತಿ ದಿನ, ಆಗ ಮಾಂಸ ಉಂಟು) ಬೇಕಾದಷ್ಟು ಬಿಟ್ಟು ಮೇಲಿನ ಕಪಾಟಿಗೆ ಎತ್ತಿಡುತ್ತೇನೆ. ಸೀಲಿಯಾಕ್ ಇರುವುದರಿಂದ ಸಾವ್ತಾ ಅಡುಗೆಗೆ ಪ್ರತ್ಯೇಕ ಪಾರ್ವೆ ಬಾಣಲೆ, ಪ್ರತ್ಯೇಕ ಸೌಟು, ಪ್ರತ್ಯೇಕ ಜರಡಿ. ಪಾಸ್ತಾ ಸೋಸಿದ ಜರಡಿಯಲ್ಲಿ ಅವರ ಅಕ್ಕಿ ತೊಳೆಯುವ ಹಾಗಿಲ್ಲ. ಇನ್ನೊಂದು ವಿಷಯ ನಮ್ಮೂರಿನವರಿಗೆ ಗೊತ್ತಿರುವುದಿಲ್ಲ. ಯಹೂದಿಯಲ್ಲದವರು ಪೂರ್ತಿ ತಾವೇ ಬೇಯಿಸಿದ ಅಡುಗೆ ಈ ಮನೆಗಳಲ್ಲಿ ನಡೆಯುವುದಿಲ್ಲ. ಒಲೆಯನ್ನಾದರೂ ಅವರಲ್ಲೊಬ್ಬರು ಹಚ್ಚಬೇಕು. ಸೆಫಾರ್ದಿ ಮನೆಯಾದರೆ ಪಾತ್ರೆಯನ್ನೂ ಅವರೇ ಒಲೆಯ ಮೇಲಿಡಬೇಕು. ಹಾಗಾಗಿ ನಾನು ಎಲ್ಲ ಹೆಚ್ಚಿ, ನೆನೆಸಿ, ರುಬ್ಬಿ ಇಟ್ಟು ಕರೆಯುತ್ತೇನೆ. ಸಾವ್ತಾ ವಾಕರ್ ಹಿಡಿದು ನಿಧಾನಕ್ಕೆ ಬಂದು ಗ್ಯಾಸ್ ಹಚ್ಚುತ್ತಾರೆ. ಹಚ್ಚಿದ ಮೇಲೆ ಹೋಗುವುದೇ ಇಲ್ಲ, ಕುರ್ಚಿ ಎಳೆದುಕೊಂಡು ಅಲ್ಲೇ ಕೂತು ಏನು ಹಾಕಿದೆ, ಎಷ್ಟು ಹಾಕಿದೆ ಅಂತ ನೋಡುತ್ತಾರೆ. ದಿನದಲ್ಲಿ ಅವರು ಅತಿ ಹೆಚ್ಚು ಮಾತಾಡುವ ಹೊತ್ತು ಅದು.

ಮೊದಲ ಸ್ಥಾನ ನೀರ್ ದೋಸೆಗೆ. ನೆನೆಸಿದ ಅಕ್ಕಿ, ತೆಂಗಿನಕಾಯಿ, ಉಪ್ಪು, ನೀರು. ಗೋಧಿ ಇಲ್ಲ, ಹಾಲಿಲ್ಲ, ಮಾಂಸವಿಲ್ಲ, ಮೆತ್ತಗಿರುವುದರಿಂದ ಹಲ್ಲಿನ ತೊಂದರೆಯೂ ಇಲ್ಲ. ಆದರೆ ಅದರಲ್ಲಿ ಪ್ರೋಟೀನ್ ಅಷ್ಟಕ್ಕಷ್ಟೇ, ಜೊತೆಗೆ ಗಟ್ಟಿ ಬೇಳೆ ಅಥವಾ ಮೀನು ಇರಲೇಬೇಕು. ಇಲ್ಲಿನ ಸೆಕೆಗೆ ಉದ್ದಿನ ಹಿಟ್ಟು ಚೆನ್ನಾಗಿ ಉಬ್ಬುತ್ತದೆ, ಇಡ್ಲಿಯೂ ಆಗುತ್ತದೆ. ಕೆಂಪು ಮಸೂರ್ ಬೇಳೆ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಚೆನ್ನಾಗಿ ಆರಿಸಿ, ಹುಳ ನೋಡಿ (ಹುಳ ಸಿಕ್ಕಿದರೆ ಕೋಷರ್ ಅಲ್ಲ, ಸೊಪ್ಪಿಗೂ ಇದೇ ನಿಯಮ), ಟೊಮೆಟೊ, ಜೀರಿಗೆ ಹಾಕಿ ಗಟ್ಟಿಯಾಗಿ ಬೇಯಿಸಿ ಇಳಿಸುವಾಗ ನಿಂಬೆಹಣ್ಣು ಹಿಂಡಿ. ಹುಳಿ ಇದ್ದರೆ ಬೇಳೆಯ ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಹಿಡಿಯುತ್ತದೆ. ಬೇಯಿಸಿದ ಒಂದು ಕಪ್ ಬೇಳೆಯಲ್ಲಿ ಸುಮಾರು 18 ಗ್ರಾಂ ಪ್ರೋಟೀನ್, ಒಂದು ಮೊಟ್ಟೆಯಲ್ಲಿ 6, ನೂರು ಗ್ರಾಂ ಬೇಯಿಸಿದ ಮೀನಿನಲ್ಲಿ 20ಕ್ಕೂ ಜಾಸ್ತಿ. ಎಳ್ಳು ರುಬ್ಬಿದ ತಹಿನಾವನ್ನು ಎರಡು ಚಮಚ ಎಲ್ಲದರ ಮೇಲೂ ಸುರಿಯುತ್ತೇನೆ. ಟೊಮೆಟೊ ಗೊಜ್ಜಿನಲ್ಲಿ ಮೊಟ್ಟೆ ಒಡೆದು ಹಾಕುವ ಶಕ್ಷುಕಾ ಅವರಿಗೆ ಚಿಕ್ಕಂದಿನಿಂದ ಗೊತ್ತಿರುವ ರುಚಿ, ಅದನ್ನು ಬ್ರೆಡ್ ಬದಲು ಅನ್ನದ ಜೊತೆ ಕೊಡುತ್ತೇನೆ. ಅಕ್ಕಿ-ಬೇಳೆ ಸೇರಿಸಿ ಮೇಲೆ ಹುರಿದ ಈರುಳ್ಳಿ ಹಾಕುವ ಮಜದ್ರಾ ಕೂಡ ಹೊಟ್ಟೆ ತುಂಬುವ ಊಟ.

ಮೀನು ತಿನ್ನಬಹುದು, ಅದಕ್ಕೆ ಶೋಕದ ನಿಷೇಧ ಇಲ್ಲ. ಕೋಷರ್ ಆಗಬೇಕಾದರೆ ಮೀನಿಗೆ ರೆಕ್ಕೆ, ಪೊರೆ ಎರಡೂ ಇರಬೇಕು. ಬಂಗುಡೆ, ಬೂತಾಯಿ, ಅಂಜಲ್ ಸರಿ. ಸಿಗಡಿ, ಏಡಿ, ಮರುವಾಯಿ ಈ ಮನೆಯ ಹೊಸ್ತಿಲು ದಾಟುವುದಿಲ್ಲ. ಇಲ್ಲಿ ಸುಲಭಕ್ಕೆ ಸಿಗುವುದು ಅಮ್ನೂನ್ ಅನ್ನುವ ತಿಲಾಪಿಯಾ. ಖಾರ ಕಮ್ಮಿ ಮಾಡಿ, ತೆಂಗಿನ ಹಾಲು, ಹುಣಸೆ ಹಾಕಿ ನಮ್ಮ ರೀತಿಯ ಗಸಿ ಮಾಡಿದರೆ ಸಾವ್ತಾ ತಟ್ಟೆ ಖಾಲಿ ಮಾಡುತ್ತಾರೆ. ಕೈಲಾಗದ ದಿನ ಡಬ್ಬಿಯ ಟ್ಯೂನಾ ಇದೆ.

ಈಗ ನಿಜವಾಗಿಯೂ ಹುಷಾರಾಗಿರಬೇಕಾದ ವಿಷಯ. ಊರಿನಿಂದ ತಂದ ಇಂಗು. ಅಂಗಡಿಯ ಇಂಗಿನ ಪುಡಿಯಲ್ಲಿ ತುಂಬ ಸಲ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಯಾರೂ ಓದುವುದಿಲ್ಲ. ಆ ಒಂದು ಚಿಟಿಕೆ ಸಾಕು ಸೀಲಿಯಾಕ್ ಇರುವವರ ಹೊಟ್ಟೆ ಕೆಡಿಸುವುದಕ್ಕೆ. ಉಪ್ಪಿಟ್ಟಿನ ರವೆ ಗೋಧಿಯದೇ. ಮಾಮೂಲಿ ಶ್ಯಾವಿಗೆಯೂ ಅಷ್ಟೇ, ಅಕ್ಕಿಯ ಸೇಮಿಗೆ ಆಗಬಹುದು. ಈ ಒಂಬತ್ತು ದಿನ ಎಲ್ಲರೂ ಕೊಳ್ಳುವ ಸೋಯಾ ಶ್ನಿಟ್ಜೆಲ್‌ನಲ್ಲಿ ಸಾಮಾನ್ಯವಾಗಿ ಗೋಧಿಯ ಗ್ಲುಟೆನ್ ಇರುತ್ತದೆ, ಹೊರಗಿನ ಪುಡಿ ಬ್ರೆಡ್ಡಿನದು. ಮಾಂಸದ ಬದಲಿಗೆ ಒಳ್ಳೆಯದು ಅಂತ ಮಕ್ಕಳು ಪ್ರೀತಿಯಿಂದ ತಂದುಕೊಡುತ್ತಾರೆ, ನಾವು ಧೈರ್ಯ ಮಾಡಿ ಬೇಡ ಅನ್ನಬೇಕು. ಸೂಪಿನ ಪುಡಿ, ಸೋಯಾ ಸಾಸ್ ಎರಡನ್ನೂ ಓದಿ ನೋಡದೆ ಹಾಕಬೇಡಿ. ಫಲಾಫೆಲ್ ಕಡಲೆಯದೇ ಆದರೂ ಕೆಲವರು ಹಿಟ್ಟು ಸೇರಿಸುತ್ತಾರೆ, ಕರಿಯುವ ಎಣ್ಣೆಯಲ್ಲಿ ಬೇರೆ ಏನೇನೋ ಬಿದ್ದಿರುತ್ತದೆ. ಮನೆಯಲ್ಲೇ ಮಾಡಿ.

ಶಬ್ಬತ್ ದಿನ ಶೋಕ ತೋರಿಸುವ ಹಾಗಿಲ್ಲ, ಅವತ್ತು ಮಾಂಸ, ವೈನ್ ಎರಡೂ ಉಂಟು. ಶುಕ್ರವಾರ ರಾತ್ರಿ ಮತ್ತು ಶನಿವಾರ ಮಧ್ಯಾಹ್ನದ ಕೋಳಿ ಸಾವ್ತಾಗೆ ದೊಡ್ಡ ಆಸರೆ. ಉಳಿದರೆ ಭಾನುವಾರಕ್ಕೆ ಕೊಡುವ ಹಾಗಿಲ್ಲ, ಅಳತೆ ನೋಡಿ ಮಾಡಬೇಕು.

ಉಪವಾಸದ ಹಿಂದಿನ ಸಂಜೆಯ ಊಟ ತುಂಬ ಸರಳ. ನೆಲದ ಮೇಲೆ ಅಥವಾ ತಗ್ಗಿನ ಸ್ಟೂಲಿನ ಮೇಲೆ ಕೂತು ಬ್ರೆಡ್, ಬೇಯಿಸಿದ ಮೊಟ್ಟೆ ತಿನ್ನುತ್ತಾರೆ, ಬೂದಿ ಮುಟ್ಟಿಸಿಕೊಂಡು. ಸಾವ್ತಾ ನೆಲಕ್ಕೆ ಕೂರಲಾರರು, ಕುರ್ಚಿಯಲ್ಲೇ ಕೂರುತ್ತಾರೆ. ಬ್ರೆಡ್ಡಿಗೆ ಗ್ಲುಟೆನ್ ಇಲ್ಲದ ಓಟ್ಸಿನ ಬ್ರೆಡ್ ತರಿಸುತ್ತೇವೆ, ಅವರ ಶಾಸ್ತ್ರದಲ್ಲಿ ಬ್ರೆಡ್ ಆಗಬಹುದಾದ ಐದು ಧಾನ್ಯಗಳಲ್ಲಿ ಓಟ್ಸ್ ಸೇರಿದೆ. ಸೀಲಿಯಾಕ್ ಇರುವ ಕೆಲವರಿಗೆ ಓಟ್ಸೂ ಆಗುವುದಿಲ್ಲ, ಅದನ್ನು ಮೊದಲೇ ಕೇಳಿಕೊಳ್ಳಿ. ಮಾರನೆಯ ದಿನದ ಉಪವಾಸ ಸುಮಾರು 25 ಗಂಟೆ, ನೀರೂ ಇಲ್ಲ. ಕಾಯಿಲೆಯವರು ಮಾಡಬೇಕಾಗಿಲ್ಲ. ಸಾವ್ತಾಗೆ ಡಾಕ್ಟರ್, ರಬ್ಬಿ ಇಬ್ಬರೂ ಬೇಡ ಅಂದಿದ್ದಾರೆ, ಇದನ್ನು ಅವರು ಕೇಳುತ್ತಾರೆ. ಅವತ್ತು ನಾನು ರುಚಿಗೆ ಅಂತ ಏನೂ ಮಾಡುವುದಿಲ್ಲ. ಅನ್ನ, ಬೇಳೆ, ಮಾತ್ರೆ, ನೀರು. ಅವರಿಗೂ ಅಷ್ಟೇ ಬೇಕು. ಉಪವಾಸ ಮುಗಿದ ರಾತ್ರಿಯೇ ಕೋಳಿ ಬೇಯಿಸಲು ಹೋಗಬೇಡಿ. ದೇವಾಲಯ ಹತ್ತನೇ ದಿನವೂ ಉರಿಯುತ್ತಲೇ ಇತ್ತು ಅಂತ ಮಾರನೆಯ ಮಧ್ಯಾಹ್ನದ ತನಕ ಮಾಂಸ ಮುಟ್ಟುವುದಿಲ್ಲ.

2026ರಲ್ಲಿ ಆವ್ ತಿಂಗಳು ಜುಲೈ 14ರ ಸಂಜೆ ಹುಟ್ಟುತ್ತದೆ, ಉಪವಾಸ 22ರ ಸಂಜೆಯಿಂದ 23ರ ರಾತ್ರಿ ತನಕ. ನಡುವೆ ಸಿಗುವುದು ಒಂದೇ ಶಬ್ಬತ್, ಜುಲೈ 18. ಉದ್ದಿನಬೇಳೆ, ದೋಸೆ ಅಕ್ಕಿ ಬೇಕಾದವರು ರಾಮ್ಲಾ ಕಡೆಯ ಭಾರತೀಯ ಅಂಗಡಿಗಳಿಗೆ ಅದಕ್ಕೆ ಮುಂಚೆಯೇ ಹೋಗಿ ಬನ್ನಿ. ತಂದ ಪ್ಯಾಕೆಟ್ ಒಡೆಯುವ ಮೊದಲು ಕೋಷರ್ ಗುರುತನ್ನು ಮನೆಯವರಿಗೆ ತೋರಿಸಿ. ನಿಮ್ಮ ರಜೆಯ ದಿನ ಬದಲಿಗೆ ಬರುವವರಿಗೆ ಏನು ಕೊಡಬಹುದು, ಏನು ಕೊಡಬಾರದು, ಯಾವ ಬಾಣಲೆ ಯಾರದು ಅಂತ ಒಂದು ಚೀಟಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿ. ಒಲೆ ಹಚ್ಚುವುದು ಸಾವ್ತಾ ಅಂತಲೂ ಅದರಲ್ಲಿ ಬರೆಯಿರಿ.