ಪುಡಿ ಹೊರಬರುವ ದಾರಿ ಯಾವುದು?

ಫೆಬ್ರುವರಿ ಕೊನೆ ಎಂದರೆ ಕೊಡಗಿನ ಸುಂಟಿಕೊಪ್ಪದಲ್ಲಿ ನನಗೆ ಊಟಕ್ಕೂ ಪುರುಸೊತ್ತಿಲ್ಲದ ಕಾಲ. ರೊಬಸ್ಟಾ ಕಾಫಿ ತೋಟಗಳಿಗೆ ಹೂ ಅರಳಿಸುವ ನೀರು ಹಾಯಿಸಬೇಕು. ಯಾರದೋ ಡೀಸೆಲ್ ಪಂಪು ನೀರು ಎಳೆಯುತ್ತಿಲ್ಲ, ಇನ್ನಾರದೋ ಸ್ಪ್ರಿಂಕ್ಲರ್ ತಿರುಗುತ್ತಿಲ್ಲ. ಅಂಥ ಒಂದು ಮಧ್ಯಾಹ್ನ ಕೆರೆ ಏರಿಯ ಮೇಲೆ ಕುಳಿತು ಪಂಪು ಬಿಚ್ಚುತ್ತಿದ್ದಾಗ ಎಡ ಪಕ್ಕೆಯಿಂದ ತೊಡೆಸಂದಿಯವರೆಗೆ ನೋವು ಜಗ್ಗಿತು. ಕೈಯಲ್ಲಿದ್ದ ಸ್ಪ್ಯಾನರ್ ಕೆರೆಗೆ ಬಿತ್ತು.

ಮೂತ್ರಪಿಂಡದ ಕಲ್ಲೆಂದು ಹೆಂಡತಿ ಒಂದು ವಾರ ಬಾಳೆದಿಂಡಿನ ರಸ ಕುಡಿಸಿದಳು. ಅಕ್ಕಿಕಾಳಿನಷ್ಟು ಚೂರೊಂದು ಬಿದ್ದೂ ಹೋಯಿತು. ಅವಳು ಗೆದ್ದೆನೆಂದೇ ತಿಳಿದಳು. ಆದರೆ ಮೈಸೂರಿನಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿಸಿದರೆ ತಾಯಿ ಕಲ್ಲು ಮೂತ್ರಪಿಂಡದ ಕೆಳಮೂಲೆಯಲ್ಲಿ ಹಾಯಾಗಿ ಕೂತಿತ್ತು: 21 ಮಿಲಿಮೀಟರ್, 1,250 ಹೌನ್ಸ್‌ಫೀಲ್ಡ್. ಸ್ಕ್ಯಾನಿನಲ್ಲಿ ಕಲ್ಲಿನ ಸಾಂದ್ರತೆ ತಿಳಿಸುವ ಅಳತೆ ಅದು. ಸಾವಿರ ದಾಟಿದರೆ ಗಟ್ಟಿ ಕಲ್ಲು ಎಂದೇ ಲೆಕ್ಕ. ಹೊರಗಿನಿಂದ ಆಘಾತ ತರಂಗ ಕೊಟ್ಟು ಒಡೆಯುವ ಮಾತು ಅಲ್ಲಿಗೇ ಮುಗಿಯಿತು.

"ಬೆನ್ನಿಗೆ ತೂತು ಹಾಕಿಸಿಕೊಳ್ಳಬೇಡ, ಲೇಸರ್ ಮಾಡಿಸು" ಎಂದು ಕುಶಾಲನಗರದ ಭಾವ ಫೋನಿನಲ್ಲೇ ತೀರ್ಪು ಕೊಟ್ಟಿದ್ದರು. ನನ್ನ ಮನಸ್ಸೂ ಅದೇ ಆಗಿತ್ತು. ನಾನು ಮೆಕ್ಯಾನಿಕ್ ಎಂದು ತಿಳಿದ ಡಾಕ್ಟರು ಉಪಕರಣಗಳನ್ನೇ ತಂದು ಮೇಜಿನ ಮೇಲಿಟ್ಟರು. ಅದೊಂದು ಉಪಕಾರವನ್ನು ಮರೆಯಲಾರೆ.

ಭಾವ ಹೇಳಿದ ದಾರಿಗೆ ಬೇಕಾದದ್ದು ಬಾಗುವ ಯುರೆಟೆರೋಸ್ಕೋಪ್, ಒಳಗೆ ಇಣುಕುವ ಸಣ್ಣ ಕೊಳವೆ. ಸುಮಾರು 3 ಮಿಲಿಮೀಟರ್ ದಪ್ಪ. ಮೂತ್ರ ಬರುವ ದಾರಿಯಲ್ಲೇ ಹತ್ತಿ ಮೂತ್ರಪಿಂಡ ಸೇರುತ್ತದೆ, ಎಲ್ಲಿಯೂ ಕೊಯ್ಯುವುದಿಲ್ಲ. ಹಿಡಿಯ ಮೇಲಿನ ಸನ್ನೆ ಒತ್ತಿದರೆ ಮೂತಿ ಹಾವಿನಂತೆ ಹಿಂದಕ್ಕೆ ಮಡಚುತ್ತದೆ. ಬ್ರೇಕ್ ಕೇಬಲ್‌ನ ಹಾಗೆ ಒಳಗೆ ತಂತಿ ಎಳೆಯುವ ವ್ಯವಸ್ಥೆ. ಆದರೆ ಒಳಗೆ ಲೇಸರ್ ಎಳೆ ತೂರಿಸಿದೊಡನೆ ಆ ಬಾಗು ಕಡಿಮೆಯಾಯಿತು. ನನ್ನ ಕಲ್ಲು ಇದ್ದದ್ದು ಆ ಕೊನೆಯ ತಿರುವಿನಾಚೆ.

ಲೇಸರಿನಲ್ಲೂ ಎರಡು ಬಗೆ. ಹೋಲ್ಮಿಯಂ ಹಳೆಯದು, 2,100 ನ್ಯಾನೋಮೀಟರ್. ದೊಡ್ಡ ಶಕ್ತಿಯ ಯಂತ್ರಕ್ಕೆ ನೀರಿನ ತಂಪು ಬೇಕು, ಭಾರಿ ವಿದ್ಯುತ್ ಸಂಪರ್ಕ ಬೇಕು. ಥುಲಿಯಂ ಫೈಬರ್ 1,940 ನ್ಯಾನೋಮೀಟರ್. ಫ್ಯಾನ್ ಗಾಳಿಯಲ್ಲೇ ತಣ್ಣಗಾಗುತ್ತದೆ, ಸಾಮಾನ್ಯ ಪ್ಲಗ್ಗಿನಲ್ಲೇ ನಡೆಯುತ್ತದೆ, ಕಲ್ಲನ್ನು ಇನ್ನೂ ನುಣ್ಣಗೆ ಪುಡಿ ಮಾಡುತ್ತದೆ. ಮಳೆಗಾಲದಲ್ಲಿ ನಮ್ಮೂರಿನ ಕರೆಂಟು ಕಂಡವನಿಗೆ ಎರಡನೆಯದರ ಮೇಲೆ ಪ್ರೀತಿ ಹುಟ್ಟುವುದು ಸಹಜ.

"ಪುಡಿ ಮಾಡಿದ ಮೇಲೆ?" ಎಂದು ಕೇಳಿದೆ.

"ಮೂತ್ರದ ಜೊತೆ ಹೋಗಬೇಕು. ನಿಮ್ಮದು ಕೆಳಮೂಲೆ, ಕಲ್ಲೂ ದೊಡ್ಡದು. ಸ್ವಲ್ಪ ತಳದಲ್ಲೇ ಉಳಿದೀತು" ಎಂದರು.

ಟ್ಯಾಂಕಿನ ತಳದ ಹೂಳನ್ನು ಮೇಲಿನ ಪೈಪಿನಿಂದ ತೆಗೆಯಲು ಹೆಣಗಿದವನು ನಾನು. ಹೆಚ್ಚು ವಿವರಿಸುವ ಅಗತ್ಯ ಬೀಳಲಿಲ್ಲ.

ಅವರು ಸೂಚಿಸಿದ್ದು ಮಿನಿ ಪಿಸಿಎನ್‌ಎಲ್, ಭಾವ ಬೇಡವೆಂದ ಅದೇ ಬೆನ್ನಿನ ತೂತು: ಅಲ್ಲಿಂದ ಮೂತ್ರಪಿಂಡಕ್ಕೆ ಸಣ್ಣ ಕೊಳವೆ ಇಳಿಸಿ ಕಲ್ಲು ಒಡೆದು ತೆಗೆಯುವುದು. ಇಲ್ಲಿ ಅಳತೆ ಫ್ರೆಂಚ್ ಲೆಕ್ಕದಲ್ಲಿ. ಮೂರು ಫ್ರೆಂಚ್ ಸೇರಿದರೆ ಒಂದು ಮಿಲಿಮೀಟರ್. ಹಳೆಯ ಪದ್ಧತಿಯ ಕೊಳವೆ 30 ಫ್ರೆಂಚ್, ಎಂದರೆ 10 ಮಿಲಿಮೀಟರ್. ನನಗೆ ಹಾಕಿದ್ದು 18, ಬರೀ 6 ಮಿಲಿಮೀಟರ್. ಬೆನ್ನಿನಿಂದ ನೇರ ದಾರಿಯಾದ್ದರಿಂದ ಬಾಗುವ ತಾಪತ್ರಯವಿಲ್ಲ. ಗಾಳಿಯ ಒತ್ತಡದಿಂದ ಕುಟ್ಟುವ ಲೋಹದ ಸರಳನ್ನೂ ಬಳಸಬಹುದು. ನನ್ನದಕ್ಕೆ ಮಾತ್ರ ಲೇಸರೇ ಸಾಕಾಯಿತು. ನನಗೆ ಮೆಚ್ಚುಗೆಯಾದದ್ದು ಬೇರೆ: ಸ್ಕೋಪಿನ ಮೂಲಕ ಒಳಗೆ ಬಿಟ್ಟ ನೀರು ಕೊಳವೆಯ ಸಂದಿನಲ್ಲಿ ಹಿಂದಿರುಗುವಾಗ ಚೂರುಗಳನ್ನು ತಾನೇ ಎಳೆದು ತರುತ್ತದೆ. ಇಕ್ಕಳಕ್ಕೆ ಹೆಚ್ಚು ಕೆಲಸವಿಲ್ಲ.

ಸುಖವೇ ಸುಖವೆಂದು ಹೇಳಲಾರೆ. ಮೂತ್ರಪಿಂಡವನ್ನೇ ಚುಚ್ಚುವುದರಿಂದ ರಕ್ತಸ್ರಾವದ ಭಯ ಈ ದಾರಿಯಲ್ಲಿ ಹೆಚ್ಚು. ಎರಡು ದಿನ ನನ್ನ ಮೂತ್ರ ಕೆಂಪಗಿತ್ತು. ಅದಕ್ಕಿಂತ ಕಾಡಿದ್ದು ಒಳಗೆ ಬಿಟ್ಟ ಡಿಜೆ ಸ್ಟೆಂಟ್, ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಮೂತ್ರ ಇಳಿಯಲು ಇಡುವ ಮೆತ್ತನೆ ಕೊಳವೆ. ಎರಡು ವಾರ ಜೀಪು ಹತ್ತಿದರೆ ಸಾಕು, ಪ್ರತಿ ಹೊಂಡಕ್ಕೂ ಮೂತ್ರಕ್ಕೆ ಹೋಗಬೇಕೆನ್ನಿಸುತ್ತಿತ್ತು. ನಮ್ಮ ತೋಟದ ರಸ್ತೆಗಳಲ್ಲಿ ಹೊಂಡಕ್ಕೇನು ಬರ.

ಈಗ ಭಾವನವರಿಗೇ 9 ಮಿಲಿಮೀಟರ್ ಕಲ್ಲು, ಮೇಲ್ಭಾಗದಲ್ಲಿ. ಅವರಿಗೆ ಬಾಗುವ ಸ್ಕೋಪೇ ಸರಿ ಎಂದು ನಾನೇ ಹೇಳಿದೆ. ಆದರೂ "ನಿನ್ನ ತೂತು ತೋರಿಸು" ಎಂದು ಅಂಗಿ ಎತ್ತಿಸಿದರು. ಗುರುತು ಹುಡುಕಲು ಟಾರ್ಚ್ ತರಬೇಕಾಯಿತು.